ಮೊಣಕೈಯೊಳಗಿನ ಸರಳು

ಎಲುಬಿಗೆ ಉಕ್ಕು ಹಾಕಿಸಿಕೊಂಡವರ ಮನೆಯಲ್ಲಿ ದಿಂಬುಗಳು ಹೆಚ್ಚುತ್ತವೆ ಎಂಬುದು ನಿಮಗೆ ಗೊತ್ತಿರಲಿಕ್ಕಿಲ್ಲ. ಖಾನಾಪುರದ ನಮ್ಮ ಹಿತ್ತಲಿನ ಪಾಚಿಗಲ್ಲಿನ ಮೇಲೆ ಜಾರಿ ಬಲ ಮೊಣಕೈ ಮುರಿದುಕೊಂಡ ಮೇಲೆ ನನಗೆ ಕುರ್ಚಿಗೊಂದು, ಮೇಜಿಗೊಂದು, ಹಾಸಿಗೆಗೊಂದು ಪುಟ್ಟ ದಿಂಬು ಬೇಕಾಯಿತು. ಅವನ್ನೆಲ್ಲ ಹಳೆಯ ಸೀರೆಯ ಚೂರುಗಳಲ್ಲಿ ಹೊಲಿದುಕೊಟ್ಟವಳು ಪಕ್ಕದ ಮನೆಯ ಜುಬೇದಾ. ನನ್ನ ರವಿಕೆಗಳನ್ನು ಹೊಲಿಯುವವಳೂ ಅವಳೇ.

ಬೆಳಗಾವಿಯ ಆಸ್ಪತ್ರೆಯಲ್ಲಿ ಮುರಿದ ತುಂಡುಗಳನ್ನು ಸಣ್ಣ ಸರಳುಗಳಿಂದ, ತಂತಿಯಿಂದ ಬಿಗಿದಿದ್ದರು. ಎಲುಬು ಕೂಡಿತು. ಆದರೆ ಸರಳೊಂದು ಮೆಲ್ಲಮೆಲ್ಲಗೆ ಹಿಂದೆ ಸರಿದು ಚರ್ಮದಡಿ ಹುಣಸೆಬೀಜದಂತೆ ಉಬ್ಬಿ ನಿಂತಿತು. ಮೊಣಕೈ ಎಲ್ಲಿ ಊರಿದರೂ ಚುಚ್ಚುತ್ತಿತ್ತು. ವಿಚಿತ್ರವೆಂದರೆ ಅದರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಕಷ್ಟಕಾಲದಲ್ಲಿ ಒದಗಿದವರಿಗೆ ‘ಇನ್ನು ಹೊರಡಿ’ ಎನ್ನಲು ನಮಗೆ ನಾಲಗೆ ಏಳುವುದಿಲ್ಲವಲ್ಲ, ಅಂಥದೊಂದು ಸಂಕೋಚ. ಅದರ ಹಿಂದೆ ಇದ್ದದ್ದು ಮತ್ತೆ ಕೊಯ್ಯಿಸಿಕೊಳ್ಳುವ ಭಯ.

ಒಂದು ದಿನ ತೋಳಿನ ಅಳತೆ ತೆಗೆಯುತ್ತಿದ್ದ ಜುಬೇದಾ ತಡೆದು ನಿಂತಳು.

“ಅಕ್ಕಾರ, ಇಲ್ಲೆ ಕೆಂಪಗಾಗೇತಿ. ಮುಟ್ಟಿದ್ರ ಬಿಸಿನೂ ಐತಿ.”

“ದೀಪಾವಳಿ ಆಗ್ಲಿ, ತೋರಿಸ್ತೀನಿ.”

“ಹಬ್ಬದ ತನಕ ಅದು ಕಾಯ್ತೈತೇನ್ರಿ? ನಾಳೆ ಮುಂಜಾನೆ ಹೋಗೂಣು. ನಾನೂ ಬರ್ತೀನಿ.”

ಡಾಕ್ಟರು ಎಕ್ಸ್‌ರೇ ನೋಡಿ, “ಎಲುಬು ಚಲೋ ಕೂಡೇತ್ರಿ. ಸರಳಿನ ಕೆಲಸ ಮುಗೀತು. ಹಂಗ ಬಿಟ್ರ ಚರ್ಮ ಹರಿದು ಕೀವು ತುಂಬ್ತೈತಿ,” ಎಂದರು. ಸರಳು, ತಂತಿ ಎಲ್ಲವನ್ನೂ ತೆಗೆದರು. ಶಸ್ತ್ರಕ್ರಿಯೆಯ ಕೋಣೆಯ ಬಾಗಿಲಿನವರೆಗೂ ಜುಬೇದಾ ನನ್ನ ಎಡಗೈ ಹಿಡಿದೇ ಬಂದಿದ್ದಳು.

ಗಾಯ ಮಾಗಿತು. ತೋಳು ಇಂದಿಗೂ ಪೂರ್ತಿ ನೆಟ್ಟಗಾಗುವುದಿಲ್ಲ. ದೇಹ ಮೊದಲಿನಂತಾಗದೆಯೂ ನೆಮ್ಮದಿಯಾಗಿರಬಲ್ಲದು ಎಂಬುದನ್ನು ಆ ಸಣ್ಣ ಡೊಂಕಿನ ಜತೆ ಬದುಕುತ್ತಲೇ ತಿಳಿದೆ. ಕೊನೆಯ ತಪಾಸಣೆ ಮುಗಿಸಿ, ಖಾನಾಪುರ ದಾಟಿ ಹೋಗುವ ಲೋಂಡಾ ಬಸ್ಸಿನಲ್ಲಿ ಜುಬೇದಾಳೊಂದಿಗೆ ಮರಳುವಾಗ ಕಿಟಕಿಯ ಅಂಚಿಗೆ ಬಲ ಮೊಣಕೈ ಊರಿ, ಅಂಗೈಗೆ ತಲೆಯಾನಿಸಿದವಳಿಗೆ ಹಾಗೇ ನಿದ್ದೆ ಹತ್ತಿತು. ಎಚ್ಚರವಾದಾಗ ಹೊರಗೆ ಕಾಡು. ಖಾನಾಪುರ ಹಿಂದಾಗಿತ್ತು.

“ಎಬ್ಬಿಸಬಾರದಿತ್ತೇನ ಜುಬೇದಾ?”

“ಎಬ್ಬಿಸಬೇಕಂತ ಕೈ ಎತ್ತಿದ್ದೆ. ಆ ಕೈ ಮ್ಯಾಲ ತಲಿ ಇಟ್ಟು ಮಲಗಿದ್ರಿ. ಮನಸ್ಸಾಗ್ಲಿಲ್ರಿ.”

ಮುಂದಿನ ನಿಲ್ದಾಣದಲ್ಲಿ ಇಳಿದೆವು. ರಸ್ತೆಬದಿಯ ಕಲ್ಲಿನ ಮೇಲೆ ಕುಳಿತು, ಅವಳು ತಂದಿದ್ದ ಶೇಂಗಾ ಸುಲಿದು ತಿಂದೆವು. ತಿರುಗಿ ಹೋಗುವ ಬಸ್ಸು ಎಷ್ಟು ಹೊತ್ತಿಗೆ ಬರುವುದೆಂದು ಇಬ್ಬರೂ ಯಾರನ್ನೂ ಕೇಳಲಿಲ್ಲ.