ಬೆಳ್ಳಿ ಗಣಿಗೆ ಹೋದವನ ಹೆಂಡತಿ

ಎದುರುಮನೆಯ ದೊಡ್ಡವ್ವನ ಎಡಗೈ ತುಂಬ ಹಸಿರು ಬಳೆ, ಬಲಗೈ ಬೋಳು. ಇಳಕಲ್ಲಿನ ನಮ್ಮ ಓಣಿಯ ಹೆಂಗಸರೆಲ್ಲ ಸೀರೆ ನೇಯುವವರಿಗೆ ನೂಲು ಸುತ್ತಿಕೊಡುತ್ತಿದ್ದರು. ಉಳಿದವರು ರಾಟಿ ತಿರುಗಿಸಿದರೆ ಬಳೆಯ ಸದ್ದು ಬರುತ್ತಿತ್ತು, ಆಕೆ ತಿರುಗಿಸಿದರೆ ಬರುತ್ತಿರಲಿಲ್ಲ. ಯಾಕೆ ಹೀಗೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ನಾನು ಕೇಳಿದೆ. ಸಣ್ಣಾಕಿ ಇದ್ದಾಗಿನಿಂದ ನನ್ನ ಬಾಯಿ ಜೋರು.

"ಅರ್ಧಾ ಮುತ್ತೈದಿ ನೋಡವಾ ನಾ," ಎಂದು ನಕ್ಕಳು. "ಇನ್ನರ್ಧಾ ದೇವರ ಕಡೆ ಐತಿ. ಅಂವಾ ಇನ್ನೂ ಏನೂ ಹೇಳವಲ್ಲ."

ಉಳಿದ ಕಥೆಯನ್ನು ನನ್ನವ್ವ ಹೇಳಿದಳು. ದೊಡ್ಡವ್ವನ ಗಂಡ ನಮ್ಮೂರ ಹೊರಗೆ ಕಲ್ಲು ಒಡೆಯುತ್ತಿದ್ದವನು. ಹೊಳೆಯಾಚೆ ಎಂದೋ ಮುಚ್ಚಿಹೋಗಿದ್ದ ಹಳೆಯ ಬೆಳ್ಳಿ ಗಣಿಯನ್ನು ಒಬ್ಬ ಗುತ್ತಿಗೆದಾರ ಮತ್ತೆ ತೆಗೆಸಿದಾಗ, ಹೆಚ್ಚಿನ ಕೂಲಿ ಸಿಗುತ್ತದೆಂದು ಅಲ್ಲಿಗೆ ಹೋದ. ಒಂದು ಮಳೆಗಾಲ ಗಣಿಯೊಳಗೆ ನೀರು ನುಗ್ಗಿತು. ಒಳಗಿದ್ದವರು ಒಳಗೇ ಉಳಿದರು. ಗುತ್ತಿಗೆದಾರ ಗಣಿಯ ಬಾಯಿಗೆ ಕಲ್ಲು ಹೇರಿಸಿ ಪರಾರಿಯಾದ. ಜೊತೆಗೆ ಹೋಗಿದ್ದವನೊಬ್ಬ ಬಂದು, "ಅಂವಾ ಒಳಗಿದ್ದ," ಎಂದ. ಇನ್ನೊಬ್ಬ ಬಂದು, "ಇಲ್ಲಪಾ, ಕೂಲಿಕಾರರ ಮುಕಾದಮನ ಕೂಡ ಜಗಳಾಡಿ ಹಿಂದಿನ ದಿನಾನ ಎಲ್ಲ್ಯೋ ಹೋಗ್ಯಾನ," ಎಂದ. ಅತ್ತೆ ಮೊದಲನೆಯ ಮಾತು ನಂಬಿ ಸೊಸೆಯ ಬಲಗೈ ಬಳೆ ಒಡೆದಳು. ಎಡಗೈ ಹಿಡಿಯುವಷ್ಟರಲ್ಲಿ ಎರಡನೆಯ ಮಾತು ಬಾಗಿಲಿಗೆ ಬಂದಿತ್ತು.

"ಹೆಣಾ ತೋರ್ಸ್ರಿ. ಆಮ್ಯಾಲೆ ಈ ಕೈ ಕೊಡ್ತೇನಿ," ಎಂದು ದೊಡ್ಡವ್ವ ಕೈ ಎಳೆದುಕೊಂಡಳಂತೆ. ಹೆಣ ತೋರಿಸುವವರು ಯಾರೂ ಬರಲಿಲ್ಲ.

ಹೀಗೆ ಬದುಕುವುದು ಎಂಥ ಬದುಕು! ಮದುವೆ ಮನೆಯವರು ಆಕೆಯನ್ನು ಕರೆಯಬೇಕೋ ಬಿಡಬೇಕೋ ತಿಳಿಯದೆ, ಕಡೆಗೆ ಊಟವನ್ನು ಮನೆಗೇ ಕಳಿಸುತ್ತಿದ್ದರು. ಶರಣರು ಹೇಳಿದ್ದೇ ಒಂದು, ನಮ್ಮ ಓಣಿಯವರು ಮಾಡುತ್ತಿದ್ದುದೇ ಒಂದು. ಆಕೆ ಮಾತ್ರ ಬುತ್ತಿ ಬಿಚ್ಚಿ, "ಹೋಳಿಗಿ ಅಂತೂ ಬಂತಲ್ಲ, ಕರದ್ರೇನು ಬಿಟ್ರೇನು?" ಎಂದು ನನಗೂ ಒಂದು ಕೊಡುತ್ತಿದ್ದಳು. ಆದರೆ ಯಾರೇ ಬಾಗಿಲು ಬಡಿದರೂ ಒಳಗಿನಿಂದಲೇ, "ಕಾಲ ತೊಳಕೊಂಡ ಬರ್ರಿ, ಕೆಸರ ಆಗ್ಯಾವು," ಎನ್ನುತ್ತಿದ್ದಳು. ಸುಡು ಬೇಸಿಗೆಯಲ್ಲೂ ಅದೇ ಮಾತು, ಬಂದವರು ನೀರು ತುಂಬಿದ ಗಣಿಯಿಂದಲೇ ಎದ್ದು ಬಂದ ಹಾಗೆ. ಟಪಾಲಿನವನು, "ನಾ ಒಣಾ ಬಂದೇನಿ ಯವ್ವಾ," ಎಂದು ಗೊಣಗುತ್ತಿದ್ದ. ನೇಯುವವರು ಕುಣಿಯೊಳಗೆ ಕಾಲಿಳಿಬಿಟ್ಟು ಕೂರುವ ಮಗ್ಗ ಆಕೆಯ ಮನೆಯಲ್ಲೇ ಇತ್ತು. ಆ ಕುಣಿಯ ಮೇಲೆ ಹಲಗೆ ಮುಚ್ಚಿಟ್ಟಿದ್ದಳು. ನೆಲ ಅಗೆದ ಜಾಗದಲ್ಲಿ ಆಕೆ ಕಾಲಿಡುತ್ತಿರಲಿಲ್ಲ.

ನಾನು ಲಗ್ನವಾಗಿ ಹುನಗುಂದದಲ್ಲಿ ಸಾಲಿ ಕಲಿಸುತ್ತಿದ್ದ ಕಾಲಕ್ಕೆ, ಎಂಬತ್ತನೆಯ ಇಸವಿಯ ಆಚೀಚೆ, ಆ ಗಣಿಯ ನೀರು ತೆಗೆಸಿ, ಹತ್ತಿರದ ಹಳೆಯ ಬಂಗಲೆಯಲ್ಲಿ ವಸ್ತುಸಂಗ್ರಹಾಲಯ ಮಾಡಿದ್ದಾರೆಂಬ ಸುದ್ದಿ ಬಂತು. ತವರಿಗೆ ಹೋದಾಗ ದೊಡ್ಡವ್ವ ರೊಟ್ಟಿ ಕಟ್ಟಿಕೊಂಡು ಕೂತಿದ್ದಳು. "ಒಳಗ ಸಿಕ್ಕ ಸಾಮಾನು ಇಟ್ಟಾರಂತ. ನಡಿ, ನೋಡಿ ಬರೂಣು. ಅವರದೇನರೆ ಇದ್ರ ಈ ಕೈನೂ ಹಗರ ಆಕ್ಕೈತಿ."

ಬಸ್ಸು ಬದಲಿಸಿ, ಹೊಳೆ ದಾಟಿ, ಮಧ್ಯಾಹ್ನ ಮುಟ್ಟಿದೆವು. ವಸ್ತುಸಂಗ್ರಹಾಲಯದ ಸಾಹೇಬರು ಊಟಕ್ಕೆ ಹೋಗಿದ್ದರು. ಹಣೆಗೆ ಅರಿಷಿಣದ ಭಂಡಾರ ಹಚ್ಚಿದ್ದ, ನಡುವಯಸ್ಸಿನ ಕಾವಲುಗಾರನೊಬ್ಬನೇ ಇದ್ದ. ತುಕ್ಕು ಹಿಡಿದ ಉಳಿ, ಚರ್ಮದ ಬುಟ್ಟಿ, ಎಣ್ಣೆಯ ದೀಪಗಳನ್ನು ತೋರಿಸುತ್ತ ನಡೆದವನು ಮೂಲೆಯ ಗಾಜಿನ ಪೆಟ್ಟಿಗೆ ಬಂದಾಗ ಮುಖ ತಿರುಗಿಸಿದ. ಅದರೊಳಗೆ ಮೊಟ್ಟೆಯಾಕಾರದ ಒಂದು ಬೆಳ್ಳಿ ಕರಡಿಗೆ. ಕೆಳಗೆ "ಬೆಳ್ಳಿಯ ಡಬ್ಬಿ" ಎಂದು ಬರೆದಿತ್ತು. ಲಿಂಗವನ್ನು ಇಟ್ಟುಕೊಂಡು ಕೊರಳಿಗೆ ಕಟ್ಟಿಕೊಳ್ಳುವ ಕರಡಿಗೆಯನ್ನು ಡಬ್ಬಿ ಎಂದು ಬರೆದವನಿಗೆ ಏನೆನ್ನಬೇಕು?

"ಒಳಗ ಲಿಂಗ ಐತೇನಪಾ?" ದೊಡ್ಡವ್ವ ಕೇಳಿದಳು.

"ಐತ್ರಿ ಯವ್ವಾ. ನೀರು ತಗದಾಗ ಬಂಡಿಗಲ್ಲಿನ ಬುಡಕ ಸಿಕ್ತು. ಎಲುಬು ಸೈತ ಇರಲಿಲ್ಲ."

"ಹಂಗಾರ ಇದು ಸಾಮಾನಲ್ಲ ತಮ್ಮಾ. ಹೆಣಾ. ಮಣ್ಣ ಕೊಡದ ಹೊರಗ ಇಟ್ಟೀರಿ."

ನಮ್ಮಲ್ಲಿ ಸತ್ತವರನ್ನು ಕೂರಿಸಿ, ಎಡಗೈಯಲ್ಲಿ ಅವರ ಲಿಂಗವಿಟ್ಟು ಮಣ್ಣು ಕೊಡುತ್ತಾರೆ. ಲಿಂಗ ಮೇಲೆ ಉಳಿಯಿತೆಂದರೆ ಮಣ್ಣಾಗಲಿಲ್ಲವೆಂದೇ ಲೆಕ್ಕ. ಕಾವಲುಗಾರ ದನಿ ಇಳಿಸಿದ. "ಸಂಜಿಕ ಬಾಗಿಲಾ ಹಾಕೂಮುಂದ ನಾ ಈ ಕಡೆ ನೋಡೂದಿಲ್ರಿ. ಯಾರೋ ನಿಂತಂಗ ಆಕ್ಕೈತಿ. ನಿಮ್ಮ ಮನಿಯವರದೇನ್ರಿ ಇದು?"

ದೊಡ್ಡವ್ವ ಗಾಜಿಗೆ ಹಣೆ ಹಚ್ಚಿ ಬಹಳ ಹೊತ್ತು ನೋಡಿದಳು.

"ಹೌದು," ಎಂದಳು. "ನಮ್ಮವರದು. ಬೆಳ್ಳಿ ನಿಮಗಿರಲಿ. ಲಿಂಗ ಕೊಡ್ರಿ."

ಅವನು ತನ್ನ ದೇವರು ಬೀರಪ್ಪನನ್ನು ನೆನೆಸಿ ಪೆಟ್ಟಿಗೆಯ ಬೀಗ ತೆಗೆದ. "ಸಾಹೇಬರು ಡಬ್ಬಿ ಅಷ್ಟ ನೋಡ್ತಾರ, ತಗೋರಿ," ಎಂದ. ಖಾಲಿ ಕರಡಿಗೆಯನ್ನು ಇದ್ದಲ್ಲೇ ಇಟ್ಟ. ಆಮೇಲೆ ಬ್ಯಾಟರಿ ಹಿಡಿದು ಗಣಿಯ ಕಡೆಗೆ ನಮ್ಮ ಮುಂದೆ ನಡೆದ.

ಮಗ್ಗದ ಕುಣಿಗೂ ಹೆದರುತ್ತಿದ್ದ ಆ ಹೆಂಗಸು ಗಣಿಯೊಳಗೆ ನನಗಿಂತ ಮೊದಲು ಇಳಿದಳು. ಒಳಗೆ ಥಂಡಿ. ಎಲ್ಲೋ ನೀರು ತೊಟ್ಟಿಕ್ಕುತ್ತಿತ್ತು. ಹಿಂದೆ ದೀಪ ಇಡಲು ಕೊರೆದಿದ್ದ ಗೂಡೊಂದರ ಮುಂದೆ ನಿಂತಳು. ನಿಂತು, ಕತ್ತಲೆಯ ಕಡೆ ಮುಖ ಮಾಡಿ, ಗಂಡನ ಹೆಸರು ಹಿಡಿದು ಕೂಗಿದಳು.

ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರು ಬಾಯಿಬಿಟ್ಟು ಹೇಳುವುದಿಲ್ಲ. ಆಕೆಯ ಬಾಯಲ್ಲಿ ನಾನು ಆ ಹೆಸರು ಕೇಳಿದ್ದು ಅಂದೇ ಮೊದಲು. ಅದನ್ನು ಇಲ್ಲಿ ಬರೆಯಲು ನನಗೆ ಮನಸ್ಸಿಲ್ಲ. ಹೆಸರು ಒಳಗೆ ಹೋಯಿತು, ಬಂಡೆಗೆ ಬಡಿದು ತಿರುಗಿ ಬಂತು, ಮತ್ತೂ ಒಳಗಿನಿಂದ ಸಣ್ಣದಾಗಿ ಬಂತು. ನನಗಂತೂ ಅಲ್ಲಿಂದ ಓಡಿಬಿಡಬೇಕೆನ್ನಿಸಿತು. ದೊಡ್ಡವ್ವ ಸದ್ದು ಪೂರ್ತಿ ಅಡಗುವವರೆಗೆ ಕಾದಳು. ಆಮೇಲೆ ಸೆರಗಿನ ಗಂಟಿನಿಂದ ವಿಭೂತಿ ತೆಗೆದು ಗೂಡಿಗೆ ಬಳಿದು, ಲಿಂಗ ಇಟ್ಟು, ಮಣ್ಣು ಮುಚ್ಚಿದಳು. ನಾವಿಬ್ಬರೂ ಒಂದೊಂದು ಹಿಡಿ ಹಾಕಿದೆವು. ಅವನು ಟೊಪ್ಪಿಗೆ ತೆಗೆದು ಅಳುತ್ತಿದ್ದ.

ಮರಳುವ ಬಸ್ಸಿನಲ್ಲಿ ನನಗೆ ಸುಮ್ಮನೆ ಕೂರಲಾಗಲಿಲ್ಲ. "ಅಂತೂ ಸಿಕ್ಕರಲ್ಲ ದೊಡ್ಡವ್ವಾ," ಎಂದೆ.

"ಅದು ಅವರದಲ್ಲವಾ," ಎಂದಳು, ಕಿಟಕಿಯ ಹೊರಗೆ ನೋಡುತ್ತ. "ಬೆಳ್ಳಿ ಕರಡಿಗಿ ಎಲ್ಲಿದು ನಮಗ? ಅವರು ಲಿಂಗಾನ ಅರಿವಿ ತುಂಡಿನ್ಯಾಗ ಕಟ್ಟಿಕೊಂತಿದ್ರು."

ನನಗೆ ಸಿಟ್ಟೇ ಬಂತು. "ಮತ್ತ ಹೌದಂತ ಯಾಕಂದಿ?"

"ಯಾರ ಮಗನೋ, ಯಾರ ಗಂಡನೋ. ಮಣ್ಣ ಕೊಡಾಕ ಯಾರರೆ ಬೇಕಲ್ಲ? ನಮ್ಮವರು ಎಲ್ಲ್ಯರೆ ಬಿದ್ದಿದ್ರ, ಅವರಿಗೂ ಹಿಂಗ ಯಾರರೆ ಒಬ್ಬಾಕಿ ಹೌದಂದಿರತಾಳ."

ಗಂಡನ ಲಿಂಗ ಸಿಕ್ಕಿ ಮಣ್ಣು ಕೊಟ್ಟಳೆಂಬ ಸುದ್ದಿ ಹೇಗೋ ನಮಗಿಂತ ಮೊದಲೇ ಓಣಿ ಮುಟ್ಟಿತ್ತು. ಉಳಿದ ಬಳೆ ತೆಗೆಸಲು ಬಂದ ಹೆಂಗಸರಿಗೆ, "ಕೈ ನಂದು, ಬಳಿ ನಂದು, ನಿಮಗ್ಯಾಕ ಹೊಟ್ಟಿನೋವು?" ಎಂದು ಬೈದು ಕಳಿಸಿದಳು. ನಿಜ ಏನೆಂದು ಹೇಳಲಿಲ್ಲ. ನಾನೂ ಬಾಯಿಬಿಡಲಿಲ್ಲ. ಇದೊಂದು ವಿಷಯದಲ್ಲಿ ನನ್ನ ಬಾಯಿ ಹೇಗೆ ಸುಮ್ಮನಿತ್ತೋ ನನಗೇ ಆಶ್ಚರ್ಯ.

ಕೆಲವು ವರ್ಷಗಳ ಮೇಲೆ, ಒಂದು ಚಳಿಗಾಲ ದೊಡ್ಡವ್ವ ತೀರಿಕೊಂಡಳು. ನಾನು ಹುನಗುಂದದಿಂದ ಬರುವ ಹೊತ್ತಿಗೆ ಕಟ್ಟೆಯ ಮೇಲೆ ವಾದ ನಡೆದಿತ್ತು. ಮುತ್ತೈದೆಯಾದರೆ ಹಸಿರು ಸೀರೆ ಉಡಿಸಿ ಉಡಿ ತುಂಬಿ ಕಳಿಸಬೇಕು. ವಿಧವೆಯಾದರೆ ಖಾಲಿ ಉಡಿಯಲ್ಲೇ ಕಳಿಸಬೇಕು. "ಗಂಡಗ ತಾನ ಮಣ್ಣ ಕೊಟ್ಟ ಬಂದಾಕಿಗೆ ಉಡಿ ಎಂಥಾದ್ದು?" ಎನ್ನುತ್ತಿದ್ದಳು ಓಣಿಯ ಹಿರಿಯಾಕೆ.

"ಅದು ಆಕಿ ಗಂಡನ ಲಿಂಗ ಅಲ್ಲ," ಎಂದೆ. "ನನಗ ದೊಡ್ಡವ್ವನ ಹೇಳ್ಯಾಳ."

ಎಲ್ಲರೂ ನನ್ನ ಕಡೆ ತಿರುಗಿದರು. "ಮತ್ತ ಗಂಡ ಎಲ್ಲದಾನ?" ಎಂದಳು ಹಿರಿಯಾಕೆ.

"ಗೊತ್ತಿಲ್ರಿ. ಗೊತ್ತಿಲ್ಲದ ಆಕೀನ ವಿಧವಿ ಮಾಡಾಕ ನಾವ್ಯಾರು?"

ಸ್ವಲ್ಪ ಹೊತ್ತಿಗೆ ಯಾರೋ ಹಸಿರು ಸೀರೆ ತಂದರು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಬೇರು ತೆಗೆದುಕೊಂಡು ಮೊದಲ ಉಡಿ ನಾನೇ ತುಂಬಿದೆ. ಬಗ್ಗಿ, ಎಲ್ಲರಿಗೂ ಕೇಳುವಂತೆ ಆಕೆಯ ಕಿವಿಯಲ್ಲಿ ಹೇಳಿದೆ:

"ಹೋಗಿ ಬಾ ಯವ್ವಾ. ಅಲ್ಲಿ ಅವರು ಭೆಟ್ಟಿ ಆದ್ರ, ಇಷ್ಟು ದಿನ ಎಲ್ಲಿದ್ರಿ ಅಂತ ಕೇಳು. ಭೆಟ್ಟಿ ಆಗದಿದ್ರ, ಇನ್ನೂ ಇಲ್ಲೇ ಅದಾರಂತ ತಿಳಕೋ."