ಸಕ್ಕರೆ ತಿಂದ ಮೇಲೂ ಆಗದ ಒಪ್ಪಂದ

ಗುರುದೇವಿ ಇಪ್ಪತ್ತಾರು ವರ್ಷಗಳಿಂದ ಸೇಡಂನ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದಳು, ಮನೆ ಶಹಾಬಾದಿನಲ್ಲಿ. ದಿನಾಲೂ ವಾಡಿ ಜಂಕ್ಷನ್ನಿನಲ್ಲಿ ಗಾಡಿ ಬದಲಿಸಬೇಕು. ಅಲ್ಲಿನ ಕಲ್ಲುಬೆಂಚಿನ ಮೇಲೆಯೇ ಅವಳ ಪಿಎಚ್.ಡಿ. ಪ್ರಬಂಧ ಒಂಬತ್ತು ವರ್ಷ ತೆವಳಿತ್ತು. ಚೀನಾ ತೀರದ ಒಂದು ಬ್ರಿಟಿಷ್ ವಸಾಹತಿನವರು ಸುಂಕ ಮತ್ತು ಹಡಗು ಸಂಚಾರದ ಬಗ್ಗೆ ಚೀನಾ ಸರ್ಕಾರದೊಡನೆ ನಡೆಸಿದ ಮಾತುಕತೆಯೇ ಅದರ ವಿಷಯ. ನಿನಗೇಕೆ ಚೀನಾದ ಉಸಾಬರಿ ಎಂದು ಕೇಳದವರಿರಲಿಲ್ಲ. ನಿಜಾಮನ ಕಾಲದಲ್ಲಿ ಕರೋಡಗಿರಿಯವರು, ಅಂದರೆ ಸುಂಕದವರು, ಇದೇ ವಾಡಿಯಲ್ಲಿ ಅಜ್ಜನ ಗಂಟು ಬಿಚ್ಚಿಸಿದ ಕಥೆ ಕೇಳಿ ಬೆಳೆದವಳಿಗೆ ಅದು ಪರದೇಶದ ಮಾತಾಗಿರಲಿಲ್ಲ.

ಸೋಮವಾರ ಪ್ರಬಂಧ ಸಲ್ಲಿಸಲು ಕಡೇ ದಿನ. ತಪ್ಪಿದರೆ ನೋಂದಣಿ ರದ್ದು. ಶನಿವಾರ ಮಧ್ಯಾಹ್ನ, ಸ್ಟೇಷನ್ನಿನ ಎದುರು ಟೈಪಿಂಗ್ ಅಂಗಡಿ ಇಟ್ಟಿರುವ ರಹೀಮಾ ಕಡೆಯ ಪ್ರತಿ ತೆಗೆಯುತ್ತಿದ್ದಾಗ, ಎರಡು ವರ್ಷದಿಂದ ಪತ್ರಾಗಾರದವರನ್ನು ಕೇಳುತ್ತಿದ್ದ, ಆ ಮಾತುಕತೆಯ ಹಳೆಯ ಪತ್ರಗಳ ನಕಲು ಫೋನಿಗೆ ಬಂತು. ಗುರುದೇವಿ ನಿಂತೇ ಓದಿದಳು.

ಎರಡೂ ಕಡೆಯವರು ಕರಡು ಪತ್ರಕ್ಕೆ ತಲೆಯಾಡಿಸಿ ಒಟ್ಟಿಗೆ ಕೂತು ಉಂಡ ದಿನವೇ ಒಪ್ಪಂದವಾಯಿತೆಂದು ಅವಳು ನಾಲ್ಕನೇ ಅಧ್ಯಾಯದಲ್ಲಿ ಬರೆದಿದ್ದಳು. ಈ ಸೀಮೆಯವಳು ಬೇರೇನು ಬರೆದಾಳು? ಇಲ್ಲಿ ಹಿರಿಯರು ಕೂತು ಸಕ್ಕರೆ ತಿಂದರೆ ಮದುವೆ ಸಂಬಂಧ ಗಟ್ಟಿ. ಆಮೇಲೆ ಒಲ್ಲೆ ಅಂದವನಿಗೆ ಊರಲ್ಲಿ ಮುಖವಿಲ್ಲ. ಆ ಬ್ರಿಟಿಷ್ ಸಾಹೇಬರೋ ಉಂಡು ಕೈ ತೊಳೆದು, ಮೂರೇ ವಾರಕ್ಕೆ ತಕರಾರು ಬರೆದಿದ್ದರು. ಕರಡು ಜಾರಿಗೇ ಬರಲಿಲ್ಲ.

“ಪ್ರಿಂಟ್ ನಿಲ್ಲಸು.”

“ಯಾಕ್ರಿ ಮೇಡಂ? ಹಾಳಿ ಹಾಕೀನಲ್ರಿ.”

“ಕೂತು ಉಂಡಾರ, ಖರೆ ಒಪ್ಪಂದ ಆಗಿಲ್ಲ.”

“ಸಕ್ಕರಿ ತಿಂದು ಮುರದಾರೇನ್ರಿ? ಭಾಳ ಬೇಶರಮ್ ಮಂದಿ!” ರಹೀಮಾ ನಕ್ಕಳು. “ಇರ್ಲಿ ಬಿಡ್ರಿ. ವಾಡ್ಯಾಗ ಯಾವ ಚೀನಾದವ ಓದ್ಲಿಕತ್ತಾನ?”

“ನಾ ಓದ್ಲಿಕತ್ತೀನಲ್ಲ.”

ಅವಳು ಮಾರ್ಗದರ್ಶಕ ಕಾಶೀನಾಥನಿಗೆ ಫೋನ್ ಮಾಡಿದಳು. ವಯಸ್ಸಿನಲ್ಲಿ ಅವಳಿಗಿಂತ ಹತ್ತು ವರ್ಷ ಚಿಕ್ಕವನು.

“ಈಗ ಹಂಗೇ ಕೊಡ್ರಿ ಮೇಡಂ. ಡಿಗ್ರಿ ಬರ್ಲಿ, ಆಮ್ಯಾಲ ತಿದ್ದೀರಂತ. ಸೋಮವಾರ ತಪ್ಪಿದ್ರ ನನ್ನ ಕೈಯಾಗ ಏನೂ ಇಲ್ರಿ.”

“ಗೊತ್ತದ್ರಿ,” ಎಂದು ಫೋನಿಟ್ಟಳು.

ಮುಂದಿನ ಎರಡು ಅಧ್ಯಾಯಗಳು ಆ ಒಪ್ಪಂದದ ಫಲವನ್ನೇ ಹೇಳುತ್ತಿದ್ದವು. ಎರಡು ದಿನದಲ್ಲಿ ತಿದ್ದುವಂಥದ್ದಲ್ಲ. ಎರಡು ವರ್ಷವೂ ಸಾಲದೇನೋ. ಶಹಾಬಾದಿನ ಗಾಡಿ ಕೂಗಿತು. ಅವಳು ಹೋಗಲಿಲ್ಲ.

ರಹೀಮಾ ಸ್ಟೂಲು ಎಳೆದು ಕೊಟ್ಟಳು. “ಕುಂದ್ರಿ ಮೇಡಂ, ಚಾ ತರಸ್ತೀನಿ. ಎಲ್ಲಿಂದ ತಿದ್ದೂದ್ರಿ?”

ಗುರುದೇವಿ ಕೂತು ಕನ್ನಡಕ ಒರೆಸಿಕೊಂಡಳು.

“ನಾಕನೇದು ತಗಿ. ಕೂತು ಉಂಡರು ಅನ್ನೂದು ಇರ್ಲಿ. ಅದರ ಮುಂದಿಂದೆಲ್ಲಾ ಅಳಸು.”