ಆಕು, ಆಗು

ದೆವ್ವ, ಗಾಳಿ, ಶಕುನ ಇಂಥವನ್ನು ನಾನು ನಂಬಿದವಳಲ್ಲ. ಮಟಮಟ ಮಧ್ಯಾಹ್ನ ಹೆಂಗಸರು ಒಬ್ಬೊಬ್ಬರೇ ಬಯಲಿಗೆ ಹೋಗಬಾರದು, ಹಿಂದಿನಿಂದ ಯಾರಾದರೂ ಕೂಗಿದರೆ ಮೂರನೇ ಸಲಕ್ಕೆ ಓಗೊಡಬೇಕು ಎಂದು ನಮ್ಮ ಅವ್ವ ಹೇಳಿದಾಗಲೆಲ್ಲ ನಾನು ನಗುತ್ತಿದ್ದೆ. ಕನ್ನಡ ಎರಡನೇ ಪುಸ್ತಕದವರೆಗೆ ಮಾತ್ರ ಓದಿದ್ದೇನೆ. ಅಷ್ಟು ಓದಿಗೇ ಇಷ್ಟು ಕೊಬ್ಬೇ ಎಂದು ಅವ್ವ ಬೈಯುತ್ತಿದ್ದಳು. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ಆದರೆ ನನ್ನ ಕಿವಿಗೆ ಬಿದ್ದದ್ದನ್ನು ಬಿದ್ದಿಲ್ಲ ಎನ್ನಲೂ ಆಗುವುದಿಲ್ಲ. ಇದರಲ್ಲಿ ನನ್ನದೊಂದು ತಪ್ಪೂ ಸೇರಿಕೊಂಡಿದೆ. ಅದನ್ನು ಬಿಟ್ಟು ಬರೆದರೆ ಇದು ಬರೀ ಕತೆಯಾಗಿಬಿಡುತ್ತದೆ. ಅದಕ್ಕೇ ಬಿಡದೆ ಬರೆಯುತ್ತೇನೆ.

ಎರಡನೇ ಮಹಾಯುದ್ಧಕ್ಕೆ ಮುಂಚಿನ ಮಾತು. ನನ್ನ ತಮ್ಮ ಓಬಯ್ಯ ಒಬ್ಬ ಡಾಕ್ಟರಮ್ಮನವರ ಮೋಟಾರಿಗೆ ಡ್ರೈವರಾಗಿದ್ದ. ಆ ಅಮ್ಮನವರು ಊರೂರು ತಿರುಗಿ ಹೆಂಗಸರಿಗೆ, ಮಕ್ಕಳಿಗೆ ಔಷಧಿ ಕೊಡುತ್ತಿದ್ದರು. ಒಂದು ಲಾರಿಯ ಹಿಂಭಾಗಕ್ಕೆ ಹಲಗೆಯ ಗೋಡೆ, ಕಿಟಕಿ, ಬಾಗಿಲು ಕೂರಿಸಿ ಅದನ್ನೇ ಮನೆ ಮಾಡಿಸಿಕೊಂಡಿದ್ದರು. ಒಳಗೆ ಮಡಚುವ ಮಂಚ, ಸೀಮೆಎಣ್ಣೆ ಸ್ಟೌ, ಔಷಧಿ ಬೀರು ಎಲ್ಲ ಇದ್ದವು. ಜನ ಅದನ್ನು ಮನೆಮೋಟಾರು ಎನ್ನುತ್ತಿದ್ದರು. ಅದು ಪೆಟ್ರೋಲಿನದಲ್ಲ, ಡೀಸೆಲ್ಲಿನದು. ಆಗ ಅದಕ್ಕೆ ಕ್ರೂಡಾಯಿಲು ಎನ್ನುತ್ತಿದ್ದರು. ನಮ್ಮ ಸೀಮೆಯಲ್ಲಿ ಅಂಥ ಎಂಜಿನ್ನು ಬಲ್ಲವರು ಕಡಿಮೆ. ನನ್ನ ತಮ್ಮ ಬಳ್ಳಾರಿಯಲ್ಲಿ ಒಬ್ಬ ತೆಲುಗು ಮೇಸ್ತ್ರಿಯ ಕೈಕೆಳಗೆ ಆರು ವರ್ಷ ಎಣ್ಣೆ ಮೆತ್ತಿಕೊಂಡು ಕಲಿತಿದ್ದ. ಗಂಡ ತೀರಿಕೊಂಡು ತವರಿಗೆ ಬಂದು ಕೂತಿದ್ದ ನನ್ನನ್ನು ಅಡಿಗೆಗೆಂದು ಆ ಗಾಡಿಗೆ ಸೇರಿಸಿದವನೂ ಅವನೇ.

ಮನೆಯಲ್ಲಿ ನಮ್ಮದು ಕನ್ನಡ. ಆದರೆ ಎಂಜಿನ್ನಿನ ಮುಂದೆ ನಿಂತರೆ ಅವನ ಬಾಯಲ್ಲಿ ಮೇಸ್ತ್ರಿಯ ತೆಲುಗು ಬರುತ್ತಿತ್ತು. ಅದರಿಂದ ಮೊದಮೊದಲು ದೊಡ್ಡ ಪೇಚಾಯಿತು. ಎಂಜಿನ್ನಿನ ಮುಂದಿರುವ ನೀರಿನ ಪೆಟ್ಟಿಗೆಗೆ, ಅಂದರೆ ರೇಡಿಯೇಟರಿಗೆ, ನೀರು ಹೊಯ್ಯುವ ಕೆಲಸ ನನ್ನದು. ನಮ್ಮ ಬಾಯಲ್ಲಿ ಹಾಕು ಎನ್ನುವುದು ಆಕು ಎಂದೇ ಬರುವುದು. ತೆಲುಗಿನಲ್ಲಿ ಆಗು ಎಂದರೆ ನಿಲ್ಲು, ತಾಳು. ಒಂದು ಸಲ ಅವನು ಬಾನೆಟ್ಟಿನೊಳಗೆ ತಲೆ ಇಟ್ಟುಕೊಂಡು ಆಗು, ಆಗು ಎಂದ. ನಾನು ಆಕು ಎಂದುಕೊಂಡು ಒಂದು ಡಬ್ಬ ನೀರನ್ನು ಪೂರ್ತಿ ಅವನ ತಲೆಯ ಮೇಲೆ ಸುರಿದೆ.

"ಲೇ ಅಕ್ಕಾ, ನಿಲ್ಸು ಅಂದ್ರೆ ಅಭಿಷೇಕ ಮಾಡ್ತೀಯಲ್ಲೇ!"

"ನೀನು ಒಂದೇ ಬಾಸೇಲಿ ಮಾತಾಡು. ಅರ್ಧ ಅತ್ಲಾಗೆ ಅರ್ಧ ಇತ್ಲಾಗೆ ಒದರಿದ್ರೆ ನಂಗೇನ್ ತಿಳೀತೈತೆ?"

ಡಾಕ್ಟರಮ್ಮನವರು ಕಿಟಕಿಯಲ್ಲಿ ನಿಂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಂದಿನಿಂದ ಒಂದು ಕಟ್ಟು ಮಾಡಿಕೊಂಡೆವು. ಹಾಕು ಎಂದರೆ ಬರೀ ಮಾತು. ನಿಲ್ಲಿಸು ಎಂದರೆ ಮಾತಿನ ಜೊತೆಗೆ, ನಟ್ಟು ತಿರುಗಿಸುವ ಪಾನದಿಂದ ಮಡ್ಗಾರ್ಡಿನ ಮೇಲೆ ಒಂದು ಏಟು. ಆಮೇಲೆ ಎಂದೂ ತಪ್ಪಾಗಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ಆ ದಿನ ಗಾಡಿಯನ್ನು ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಒಯ್ಯಬೇಕಿತ್ತು. ಡಾಕ್ಟರಮ್ಮನವರು ಹಿಂದಿನ ದಿನವೇ ಬಸ್ಸಿನಲ್ಲಿ ಹೋಗಿದ್ದರು. ಬೇಸಿಗೆಯಾದ್ದರಿಂದ ದಾರಿಗೆಂದು ನಾಲ್ಕು ಡಬ್ಬ ನೀರು ತುಂಬಿಡಲು ತಮ್ಮ ಹೇಳಿದ್ದ. ಸೇದುವ ಬಾವಿಯಿಂದಲೇ ತರಬೇಕು, ಬಟ್ಟೆಯನ್ನು ಎರಡು ಮಡಿಕೆ ಮಾಡಿ ಸೋಸಬೇಕು. ಆ ಎಂಜಿನ್ನಿನ ನೀರಿನ ಕೊಳವೆಗಳು ಬಲು ಸಣ್ಣ, ಕಸ ಹೋದರೆ ಕಟ್ಟಿಕೊಳ್ಳುತ್ತವೆ ಎಂದು ಮೊದಲಿಂದಲೂ ಹೇಳುತ್ತಿದ್ದ.

ಹಿಂದಿನ ಸಂಜೆ ಬಾವಿಗೆ ಹೋದೆ. ಅಲ್ಲಿ ನಾಲ್ಕಾರು ಹೆಂಗಸರಿದ್ದರು. ಒಬ್ಬಳು ಹಗ್ಗ ಎಳೆಯುತ್ತಲೇ, "ಏನಮ್ಮಾ, ನಿಮ್ಮನೆಗೆ ಚಕ್ರ ಐತಂತೆ? ಒಲೆ ಹಚ್ಚಿದ್ರೆ ಮನೇನೇ ಓಡೋಗ್ತೈತಂತೆ?" ಎಂದಳು. ಮತ್ತೊಬ್ಬಳು, "ಮನೆ ಓಡಿದ್ರೂ ಪರವಾಗಿಲ್ಲ ಬಿಡೇ, ಗಂಡ ಸತ್ತೋಳು ಹಿಂಗೆ ಊರೂರು ಓಡಾಡ್ತಾಳಲ್ಲ, ಅದು ನೋಡು" ಎಂದಳು. ನಗೆ ಎದ್ದಿತು. ನಾನು ಡಬ್ಬ ಎತ್ತಿಕೊಂಡು ಹಿಂದಿದ್ದ ಕುಂಟೆಗೆ ಹೋಗಿ, ದನ ಇಳಿದು ಕಲಕಿದ್ದ ನೀರನ್ನೇ ತುಂಬಿಕೊಂಡೆ. ಸೋಸುವ ಬಟ್ಟೆ ಸೊಂಟದಲ್ಲೇ ಇತ್ತು. ಅಳು ಬರುತ್ತಿತ್ತು, ಸೋಸಲಿಲ್ಲ. ಬೆಳಿಗ್ಗೆ ರೇಡಿಯೇಟರಿಗೆ ಹೊಯ್ದದ್ದೂ ಅದೇ ನೀರು.

ತಳಕು ದಾಟುವವರೆಗೆ ಗಾಡಿ ಚೆನ್ನಾಗಿಯೇ ಹೋಯಿತು. ಆಮೇಲೆ ಮುಂದಿನಿಂದ ಹೊಗೆಯಂತೆ ಆವಿ ಎದ್ದಿತು. ತಮ್ಮ ನಿಲ್ಲಿಸಿದ, ನಾನು ಇಳಿದು ನೀರು ಹಾಕಿದೆ. ಮತ್ತೆ ಒಂದು ಮೈಲಿ ಹೋಗುವುದರೊಳಗೆ ಕುದಿಯಿತು. ಹೀಗೆ ನಿಲ್ಲಿಸಿ ನಿಲ್ಲಿಸಿ ಮೂರು ಡಬ್ಬ ಮುಗಿದವು. ಕೊನೆಗೆ ಗಾಡಿ ಅಲುಗಾಡದೆ ನಿಂತಾಗ ಹೊತ್ತು ನೆತ್ತಿಯ ಮೇಲಿತ್ತು. ಎರಡು ಕಡೆಗೂ ಒಣಹುಲ್ಲಿನ ಬಯಲು, ದೂರದಲ್ಲಿ ಬಂಡೆಗುಡ್ಡ, ಅಲ್ಲೊಂದು ಇಲ್ಲೊಂದು ಜಾಲಿ. ಒಂದು ನರಪಿಳ್ಳೆ ಇಲ್ಲ, ಕಾಗೆಯ ಸದ್ದೂ ಇಲ್ಲ. ಗಾಡಿಯ ತಗಡು ಮುಟ್ಟಿದರೆ ಕೈ ಸುಡುತ್ತಿತ್ತು.

ಅವನು ಕೈಗೆ ಗೋಣಿತಾಟು ಸುತ್ತಿಕೊಂಡು, ಮುಖ ತಿರುಗಿಸಿ ರೇಡಿಯೇಟರಿನ ಮುಚ್ಚಳ ತೆಗೆದ. ಬುಸ್ ಎಂದು ಆವಿ ಹೋಯಿತು. ನನ್ನ ಕಡೆ ತಿರುಗಿದ.

"ನೀರು ಎಲ್ಲೋ ಕಟ್ಟೈತೆ. ಅಕ್ಕಾ, ನಿನ್ನೆ ಸೋಸಿದ್ಯಾ?"

"ಸೋಸ್ದೆ ಕಣೋ."

"ಎರಡು ಮಡಿಕೆ?"

"ಎರಡೇ. ನಂಬಿಕೆ ಇಲ್ವಾ ನಿಂಗೆ?"

"ಅಯ್ಯೋ, ಕೇಳ್ದೆ ಅಷ್ಟೆ. ಹಂಗಾದ್ರೆ ಕೆಸರಲ್ಲ, ಒಳಗಿನ ತುಕ್ಕೇ ಬಂದು ತಳದ ನಲ್ಲಿ ಹತ್ರ ನಿಂತೈತೆ. ತಂತೀಲಿ ತಿವಿದ್ರೆ ಹೋಗ್ತೈತೆ. ಕೆಸರಾಗಿದ್ರೆ ಸಂಜೇತನಕ ಆರಾಕಿಟ್ಟು ಪೈಪು ಬಿಚ್ಚಬೇಕಾಗ್ತಿತ್ತು. ನಿನ್ನಿಂದ ಒಂದು ದಿನ ಉಳೀತು ನೋಡು."

ನಿನ್ನಿಂದ ಎಂದ. ಆಗಲಾದರೂ ಹೇಳಬಹುದಿತ್ತು.

ಅವನು ನೆಲಕ್ಕೆ ಗೋಣಿ ಹಾಸಿ ಗಾಡಿಯ ಕೆಳಗೆ ಅಂಗಾತ ತೂರಿದ. "ನಾನು ಹೇಳೋತನಕ ಆಕಬ್ಯಾಡ, ಒಳಗಿರೋದು ಕುದಿನೀರು" ಎಂದ. ಆಮೇಲೆ ಅವನ ಮಾತಿಲ್ಲ. ತಂತಿಯಿಂದ ಕೆರೆಯುವ ಸಣ್ಣ ಸದ್ದು ಮಾತ್ರ. ನಾನು ಕೊನೆಯ ಡಬ್ಬ ಹಿಡಿದು ಮುಂದಿನ ಕಬ್ಬಿಣದ ಮೇಲೆ ಹತ್ತಿ ನಿಂತಿದ್ದೆ. ರೇಡಿಯೇಟರಿನ ಬಾಯೊಳಗೆ ಬಗ್ಗಿ ನೋಡಿದೆ. ಅಂಚಿಗೆ ಹಸಿರು ಪಾಚಿ ಕೂದಲಿನಂತೆ ಅಂಟಿಕೊಂಡಿತ್ತು. ಅವನು ಮೇಲೆದ್ದು ಬಂದು ನೋಡಿದರೆ ಗುಟ್ಟೆಲ್ಲ ಬಯಲಾಗುತ್ತಿತ್ತು. ಒಂದಿಷ್ಟು ನೀರು ಹೊಯ್ದರೆ ಅದು ಒಳಗೆ ಇಳಿದುಹೋಗುತ್ತದೆ ಎಂದು ಹೊಳೆಯಿತು. ಡಬ್ಬ ಎತ್ತಿದೆ.

ಆಗ ಆ ಮಾತು ಬಂತು.

"ಆಗು."

ಗೊಗ್ಗರು ದನಿ, ಎದೆ ಕಟ್ಟಿದವರು ಆಡಿದಂತೆ. ಅದು ಬಂದದ್ದು ಗಾಡಿಯ ಕೆಳಗಿನಿಂದಲ್ಲ. ನನ್ನ ಎದುರಿಗೆ, ಡ್ರೈವರು ಕೂರುವ ಜಾಗದ ಹಿಂದಿನ ಕಿಟಕಿಯಿಂದ, ಮನೆಯ ಒಳಗಿನಿಂದ. ಅದರ ಬೆನ್ನಿಗೇ ಮಡ್ಗಾರ್ಡಿನ ಮೇಲೆ ಟಣ್ ಎಂದು ಒಂದು ಏಟು. ನನ್ನ ಕಾಲಿನವರೆಗೆ ಅದರುವಷ್ಟು. ನಾನು ಕೆಳಗೆ ನೋಡಿದೆ. ಪಾನ ಬಿಸಿಲಿನಲ್ಲಿ, ನೆಲದ ಮೇಲೆ, ಅವನು ಇಟ್ಟಲ್ಲೇ ಬಿದ್ದಿತ್ತು. ಕಿಟಕಿ ನೋಡಿದೆ. ಪರದೆ ಅಲುಗುತ್ತಿರಲಿಲ್ಲ.

ಮೈಯೆಲ್ಲ ಬೆವರುತ್ತಿದ್ದ ಆ ಬಿಸಿಲಿನಲ್ಲಿ ನನಗೆ ಚಳಿ ಹತ್ತಿತು. ಆದರೂ ಉಳಿದದ್ದನ್ನೂ ಹೇಳಿಬಿಡಬೇಕು. ಯಾರು ಹೇಳಿದರೆಂದು ನನಗೆ ತಿಳಿಯಲಿಲ್ಲ, ಏನು ಹೇಳಿದರೆಂದು ತಿಳಿಯಿತು. ಮಾತಿನ ಜೊತೆಗೆ ಏಟು ಬಿದ್ದಿತ್ತು. ನಿಲ್ಲು ಎಂದೇ ಅರ್ಥ. ತಿಳಿದೂ ನಾನು ಡಬ್ಬ ಬಗ್ಗಿಸಿದೆ. ಪಾಚಿ ಮರೆಯಾಗಲಿ ಎಂಬುದೊಂದೇ ನನ್ನ ತಲೆಯಲ್ಲಿತ್ತು.

ಮೇಲಿನಿಂದ ಬಿದ್ದ ನೀರಿನ ಭಾರಕ್ಕೆ ಕೆಳಗೆ ಕಟ್ಟಿದ್ದ ಕೆಸರು ಒಮ್ಮೆಲೇ ಒಡೆಯಿತು. ಒಳಗಿದ್ದ ಕುದಿನೀರೆಲ್ಲ ಅವನ ಮುಖದ ಮೇಲೆ ಹೊಯ್ದುಕೊಂಡು ಬಂತು. ಅವನು ಕೂಗಿದ ಕೂಗನ್ನು ಬರೆಯಲಾರೆ. ಕಾಲು ಹಿಡಿದು ಹೊರಗೆ ಎಳೆದೆ.

ನಮ್ಮ ಪುಣ್ಯಕ್ಕೆ ಕಂಬಳಿ ಹೇರಿಕೊಂಡು ಬರುತ್ತಿದ್ದ ಒಂದು ಎತ್ತಿನ ಗಾಡಿ ಸಿಕ್ಕಿತು. ಕಂಬಳಿಗಳ ಮೇಲೆ ಮಲಗಿಸಿಕೊಂಡು ಮೊಳಕಾಲ್ಮೂರಿಗೆ ಹೋದೆವು. ದಾರಿಯುದ್ದಕ್ಕೂ ಅವನು ಕಣ್ಣು ಉಳೀತೈತಾ ಅಕ್ಕಾ ಎಂದು ಕೇಳಲಿಲ್ಲ. ಕೇಳಲು ದನಿಯೇ ಇರಲಿಲ್ಲ. ನನ್ನ ಕೈಯನ್ನು ಮಾತ್ರ ಹಿಡಿದುಕೊಂಡಿದ್ದ. ಡಾಕ್ಟರಮ್ಮನವರು ಏನಾಯಿತೆಂದು ಕೇಳಿದಾಗ ನಾನು, "ಅವನು ಆಗು ಅಂದಿರಬೇಕು ರೀ, ನಂಗೆ ಆಕು ಅಂದಂಗೆ ಕೇಳಿಸ್ತು" ಎಂದೆ. ಹಿಂದಿನ ಆ ನಗೆಯ ಕತೆ ಅವರಿಗೆ ಗೊತ್ತಿತ್ತಲ್ಲ, ಯಾರೂ ಅನುಮಾನಪಡಲಿಲ್ಲ. ಮುಂದೆ ಊರಲ್ಲೆಲ್ಲ ಅದೇ ಮಾತಾಯಿತು.

ಹತ್ತು ಹನ್ನೆರಡು ದಿನ ಅವನು ಮಾತಾಡಲಿಲ್ಲ. ಬಿಸಿ ಆವಿ ಗಂಟಲಿಗೂ ಇಳಿದಿತ್ತು. ಒಂದು ಬೆಳಿಗ್ಗೆ ನಾನು ಪಕ್ಕದಲ್ಲಿ ಗಂಜಿ ಆರಿಸುತ್ತಿದ್ದೆ. "ಅಕ್ಕಾ, ನೀರು" ಎಂದ. ನಾನು ತಿರುಗಿ ಹಿಂದೆ ನೋಡಿದೆ. ಅದು ಅದೇ ದನಿ, ಕಿಟಕಿಯಿಂದ ಬಂದ ಆ ಗೊಗ್ಗರು ದನಿ. ನನ್ನ ತಮ್ಮನ ದನಿ ಮೊದಲು ಹಾಗಿರಲಿಲ್ಲ. ಭಜನೆಯಲ್ಲಿ ಎಲ್ಲರಿಗಿಂತ ಮೇಲೆ ಕೇಳುವಂಥ ದನಿ ಅವನದು. ಅವನ ಗಂಟಲು ಸುಟ್ಟ ಮೇಲೆ ಬಂದ ದನಿಯನ್ನು, ಅದು ಸುಡುವುದಕ್ಕೆ ಮುಂಚೆಯೇ ಆ ಮಧ್ಯಾಹ್ನ ನಾನು ಕೇಳಿದ್ದೆ.

ಸ್ವಲ್ಪ ಚೇತರಿಸಿಕೊಂಡ ಮೇಲೆ ಅವನೇ ಮಾತೆತ್ತಿದ. "ನಾನೇನೂ ಅಂದಿಲ್ಲ ಅಕ್ಕಾ. ನಲ್ಲಿಯ ತಿರುಪು ಹಲ್ಲಲ್ಲಿ ಕಚ್ಚಿಕೊಂಡಿದ್ದೆ, ಹೆಂಗೆ ಅನ್ಲಿ? ನೀರು ಕುದಿಯೋ ಸದ್ದು ನಿಂಗೆ ಹಂಗೆ ಕೇಳಿಸಿರಬೇಕು. ತಗಡೂ ಬಿಸಿಲಿಗೆ ಟಣ್ ಅಂತೈತೆ." ನಾನು ಏಟಿನ ಮಾತು ಎತ್ತಿರಲೇ ಇಲ್ಲ. ತಗಡಿನ ಮಾತು ಅವನಿಗೇಕೆ ಬಂತೋ. ಕೇಳುವ ಧೈರ್ಯವಾಗಲಿಲ್ಲ. "ನಿನ್ ತಪ್ಪಲ್ಲ ಬಿಡು" ಎಂದ.

ಒಂದು ಕಣ್ಣು ಪೂರ್ತಿ ಹೋಯಿತು. ಇನ್ನೊಂದರಲ್ಲಿ ಬೆಳಕು, ನೆರಳು ಅಷ್ಟೆ. ಎಂಜಿನ್ನು ಬಿಟ್ಟರೆ ಬೇರೇನೂ ಬೇಡವಾಗಿದ್ದವನು ಮೊಳಕಾಲ್ಮೂರಿನಲ್ಲಿ ನೇಕಾರರಿಗೆ ರೇಷ್ಮೆ ನೂಲು ಸುತ್ತಿಕೊಡುತ್ತ ಇಷ್ಟು ವರ್ಷ ಕಳೆದಿದ್ದಾನೆ. ಎಳೆ ಕಡಿದದ್ದು ಬೆರಳಿಗೆ ತಿಳಿಯುತ್ತದೆ. ಬಣ್ಣ ಮಾತ್ರ ನನ್ನನ್ನು ಕೇಳುತ್ತಾನೆ. ಬೀದಿಯಲ್ಲಿ ಲಾರಿ ಹೋದರೆ ರಾಟೆ ನಿಲ್ಲಿಸಿ, "ಬಿಸಿಯಾಗೈತೆ, ನೀರು ಕೇಳ್ತೈತೆ" ಎನ್ನುತ್ತಾನೆ.

ಅವನು ಹೇಳಿದ ಹಾಗೆ ಅದು ನೀರಿನ ಸದ್ದೇ ಇರಬಹುದು. ಸುಳ್ಳು ಹೇಳಿದವಳ ಎದೆಯೇ ಹಾಗೆ ಕೂಗಿಕೊಂಡಿರಬಹುದು. ಹೀಗೆ ಸಮಾಧಾನ ಮಾಡಿಕೊಂಡು ಬಹಳ ಕಾಲ ಇದ್ದೆ. ಆದರೆ ಹೋದ ಬೇಸಿಗೆಯಲ್ಲಿ ಇನ್ನೊಂದು ನಡೆಯಿತು. ಊಟವಾಗಿ ಅವನು ಜಗಲಿಯ ಮೇಲೆ ಮಲಗಿದ್ದ. ನಾನು ಬೀಸಣಿಗೆ ಹಿಡಿದು ಕೂತಿದ್ದೆ. ಅಂಥದೇ ಬಿಸಿಲು, ಬೀದಿಯಲ್ಲಿ ಸದ್ದಿಲ್ಲ. ನಿದ್ದೆಯಲ್ಲೇ ಅವನ ಮುಖ ಬಿಗಿಯಿತು. "ಆಗು" ಎಂದ. ಕೈಯಲ್ಲಿದ್ದ ಕೋಲಿನಿಂದ ಪಕ್ಕದ ನೀರಿನ ಕೊಳಗದ ಮೇಲೆ ಒಂದೇ ಏಟು ಹೊಡೆದ. ಆಮೇಲೆ ಕಣ್ಣಿನಿಂದ ನೀರು ಇಳಿಯಿತು. ಎದ್ದ ಮೇಲೆ ಏನು ಕನಸು ಕಂಡೆ ಎಂದು ಕೇಳಿದೆ. "ಏನೂ ಇಲ್ವಲ್ಲ, ಯಾಕೆ?" ಎಂದ.

ಇದಕ್ಕೆ ಏನು ಅರ್ಥ ಹೇಳಲಿ? ಓದಿದವರು ಯಾರಾದರೂ ಹೇಳಿಯಾರು. ನನಗಂತೂ ಗೊತ್ತಾಗಿಲ್ಲ.

ಇದನ್ನು ಬರೆಯಲು ಮೂರು ದಿನ ಹಿಡಿಯಿತು. ಅವನು ಅಲ್ಲೇ ರಾಟೆಯ ಮುಂದೆ ಕೂತಿದ್ದಾನೆ. ಈಗಷ್ಟೆ, "ಏನಕ್ಕಾ, ಮೂರು ದಿನದಿಂದ ಲೇಖನಿ ಕೆರೀತಾನೇ ಐತೆ? ಏನದು?" ಎಂದ.

"ಹಳೇದು ಕಣೋ."

"ಮುಗೀತಾ? ಓದು ಮತ್ತೆ."

ಅವನಿಗೆ ಬಂದ ಕಾಗದ ಪತ್ರವನ್ನೆಲ್ಲ ಓದುವವಳು ನಾನೇ. ಇದನ್ನೂ ನಾನೇ ಓದಬೇಕು. ಸೋಸ್ದೆ ಎಂದ ಜಾಗ ಬಂದಾಗ ಅದನ್ನು ದಾಟಿಸಿ ಓದಿದರೆ ಅವನಿಗೆ ತಿಳಿಯುವುದಿಲ್ಲ. ಅವನು ರಾಟೆ ನಿಲ್ಲಿಸಿ, ಮುಖವನ್ನು ನನ್ನ ಕಡೆ ತಿರುಗಿಸಿ ಕಾಯುತ್ತಿದ್ದಾನೆ. ಯಾರಾದರೂ ಆಗು ಎನ್ನುತ್ತಾರೇನೋ ಎಂದು ಕಿವಿಗೊಟ್ಟು ಕೂತಿದ್ದೇನೆ. ಈ ಸಲ ಯಾರೂ ಅನ್ನುತ್ತಿಲ್ಲ.